ಮೊದಲು ದೀಪ ನೋಡು

ತೊಡೆಸಂದಿಯಲ್ಲಿ ನೆತ್ತರುಗಟ್ಟಿದ ಕಲೆ
ಸೋಮವಾರ ನೇರಳೆ, ಗುರುವಾರ ಹಸಿರು,
ಇವತ್ತು ಹಳದಿ.
ವಾಲ್ಪರೈಸೊದ ತಗಡಿನ ಮನೆಗಳ ಹಾಗೆ
ಒಂದೇ ಬಣ್ಣದಲ್ಲಿ ನಿಲ್ಲುವುದು ಅದಕ್ಕೂ ಗೊತ್ತಿಲ್ಲ.

ವಾರವಿಡೀ ಮೆಟ್ಟಿಲು ಹತ್ತಬೇಡಿ, ಎಂದ
ಡಾಕ್ಟರ್ ಯಾಂಕಾಮಿಲ್,
ಕಿಟಕಿಯಾಚೆ ಕಣ್ಣು ಹಾಯಿಸಿ ತಾನೇ ನಕ್ಕ.
ಈ ಊರಲ್ಲಿ ಬ್ರೆಡ್ಡಿಗೂ ಮೆಟ್ಟಿಲು, ಜಗಳಕ್ಕೂ ಮೆಟ್ಟಿಲು,
ಸತ್ತವರೂ ಹತ್ತಿಯೇ ಹೋಗಬೇಕು ಸ್ಮಶಾನಕ್ಕೆ.

ನನ್ನ ಬಾಗಿಲಿಗೆ ನೂರ ಅರವತ್ತಮೂರು.
ಹಗ್ಗ ಸವೆದಿದೆಯೆಂದು ಪುರಸಭೆ ಬೀಗ ಹಾಕಿದೆ
ನಾನು ಇಪ್ಪತ್ತಾರು ವರ್ಷ ಏರಿಸಿ ಇಳಿಸಿದ ಮರದ ಡಬ್ಬಿಗೆ.
ಹಾಗಾಗಿ ನೋಲ್ಬೆರ್ತೊ ಮತ್ತವನ ಮಗ
ಅಡುಗೆಮನೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು ನನ್ನ,
ಹಬ್ಬದ ದಿನ ಮೀನುಗಾರರು ಸಂತ ಪೇದ್ರೊನನ್ನು ಹೊರುವ ಹಾಗೆ,
ನಡುನಡುವೆ ಬೈಯುತ್ತ.
ಬೆನ್ನು ಗುಡ್ಡಕ್ಕೆ, ಮುಖ ಬಂದರಿಗೆ.
ಹಡಗುಗಳು ಒಂದೊಂದೇ ಮೆಟ್ಟಿಲು ಕೆಳಗಿಳಿದವು.

ಟಿಕೆಟ್ ಹರಿಯುತ್ತಿದ್ದಾಗಲೇ ಶುರುವಾಗಿತ್ತು ಮೊದಲ ಸಲ.
ಎದೆಯೊಳಗೆ ಯಾರೋ
ಒಂದು ಚೀಲ ಜೀವಂತ ಮೀನು ಸುರಿದ ಹಾಗೆ.
ಚಿಲ್ಲರೆ ತಪ್ಪು ಕೊಟ್ಟೆ. ಯಾರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಬಿಳಿ ಹಾಳೆಯ ಮೇಲೆ ಚಿತ್ರ ಬಿಡಿಸಿದ್ದ ಅವನು:
ನಾಲ್ಕು ಕೋಣೆ, ನಾಲ್ಕು ನಾಳ,
ನಾಳಗಳ ಸುತ್ತ ರಂಧ್ರ ಕೊರೆದಂತೆ ಚುಕ್ಕಿ.
ಇಲ್ಲೆಲ್ಲ ಸುಡುತ್ತೇವೆ. ಸುಟ್ಟಲ್ಲಿ ಕಲೆ ಕಟ್ಟುತ್ತದೆ.
ಕಲೆಯನ್ನು ದಾಟಲಾರದು ದಾರಿತಪ್ಪಿದ ಮಿಂಚು.
ಗೊತ್ತು, ಅಂದೆ.
ನೀಲಗಿರಿ ತೋಪಿಗೆ ಕಿಚ್ಚು ಬಿದ್ದ ಬೇಸಿಗೆ
ನಾವೂ ಗುಡ್ಡದ ನೆತ್ತಿ ಬೋಳಿಸಿ ಬೆಂಕಿಗೆರೆ ಎಳೆದಿದ್ದೆವು.
ಬೆಂಕಿ ಗೆರೆಯವರೆಗೆ ಬಂದು,
ಹೊಸಿಲಲ್ಲಿ ನಿಂತ ಸಾಲಗಾರನಂತೆ ಒಳಗೆ ಇಣುಕಿ,
ನಿಂತಿತು.
ಒಂದು ಕಿಡಿ ಮಾತ್ರ ಹಾರಿ ಈಚೆ ಬಿತ್ತು.
ಇಸ್ಮೇನಿಯಳ ಮನೆ ಹೋಯಿತು, ಹೊಲಿಗೆ ಯಂತ್ರದ ಸಮೇತ.
ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಮೂರು ತಿಂಗಳು ಅಲ್ಲಲ್ಲಿ ತಪ್ಪಿದರೆ ಹೆದರಬೇಡಿ, ಎಂದಿದ್ದಾನೆ.
ಅಂದರೆ ಈಗಿನ ಬಡಿತ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆದರೂ ಎಣಿಸುತ್ತೇನೆ.
ಗ್ಯಾಸಿನವನು ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ
ಕೆಳಗಿನ ತಿರುವಿಗೆ ಬಂದರೆ ಸಾಕು,
ಬೆರಳು ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ.
ಅವನು ಟಣ್ ಟಣಟಣ್, ನಾನು ಟಪ್, ಟಪ್,
ಟಪ್, ಒಂದು ಖಾಲಿ, ಮತ್ತೆ ಟಪ್.
ಆ ಖಾಲಿಯಲ್ಲಿ ಒಂದು ಊರೇ ಹಿಡಿಸುತ್ತದೆ.

ನಾಚಿಕೆಯ ಮಾತೊಂದಿದೆ.
ಕೆಲವು ರಾತ್ರಿ ಈ ನೆಟ್ಟಗಿನ ನಡಿಗೆ ಬೇಸರ ತರುತ್ತದೆ.
ಮೀನುಗಳು ಎಲ್ಲಿ ಹೋದವು ಎಂದು
ಎದೆಯ ಮೇಲೆ ಅಂಗೈಯಿಟ್ಟು ಹುಡುಕುತ್ತೇನೆ.
ಇದನ್ನು ನೋಲ್ಬೆರ್ತೊಗೆ ಹೇಳಿದರೆ
ಇನ್ನೊಮ್ಮೆ ಕುರ್ಚಿ ಎತ್ತಲಿಕ್ಕಿಲ್ಲ.

ನಿನ್ನೆ ನಡುರಾತ್ರಿ ಮಂಚ ನಡುಗಿತು.
ಇಲ್ಲಿ ಮಗುವಿಗೂ ಗೊತ್ತಿರುವ ಪರೀಕ್ಷೆ: ಮೊದಲು ದೀಪ ನೋಡು.
ದೀಪ ಅಲ್ಲಾಡಿದರೆ ಭೂಮಿ.
ಎರಡು ವರ್ಷ, ಎಷ್ಟೋ ರಾತ್ರಿ, ನೋಡಿದ್ದೆ:
ತಂತಿಯ ತುದಿಯಲ್ಲಿ ಬಲ್ಬು
ಗಲ್ಲಿಗೇರಿದ ಹೆಣದಷ್ಟು ನಿಶ್ಚಲ.
ನಡುಗುತ್ತಿದ್ದವಳು ನಾನೊಬ್ಬಳೇ.

ನಿನ್ನೆ ದೀಪ ತೂಗುತ್ತಿತ್ತು.
ಕಪಾಟಿನಲ್ಲಿ ಲೋಟಗಳು ಹಲ್ಲು ಕಡಿದವು.
ಗುಡ್ಡದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.
ಗೋಡೆಯಾಚೆಯಿಂದ ನೋಲ್ಬೆರ್ತೊ ಕೂಗಿದ:
ಎದೆಲ್ಮಿರಾ, ಹೊರಗೆ ಬಾ, ಎದೆಲ್ಮಿರಾ!
ಬೆರಳು ಮಣಿಕಟ್ಟಿನ ಮೇಲೇ ಇತ್ತು. ಟಪ್. ಟಪ್. ಟಪ್.
ನಗು ತಡೆಯಲಾಗಲಿಲ್ಲ.
ಭೂಮಿ ಕಣೋ, ಅಂದೆ, ಬರೀ ಭೂಮಿ,
ಹೋಗಿ ಮಲಗು.

ಅವನಿಗೆ ಕೇಳಿಸಲಿಲ್ಲ.
ಬರಿಗಾಲಲ್ಲಿ ಮೆಟ್ಟಿಲಿಳಿದು ಓಡುತ್ತಿದ್ದ.
ಎಷ್ಟು ಇಳಿದನೋ,
ಎಣಿಸಲಿಲ್ಲ.