ಡ್ಯಾಮೇಜ್ ಪೀಸು

ಕೆಳಗೆ ನಮ್ಮ ಮಷೀನು, ಮೇಲೆ ಅವರ ಡ್ರಮ್ಮು,
ನಡುವೆ ಹಳೇ ಹಲಗೆ, ಅದಕ್ಕೂ ಗೆದ್ದಲು.
ಕೌಲ್ ಬಜಾರಿನ ಆ ಗಲ್ಲಿಯಲ್ಲಿ ಚರಂಡಿ ನೀರೂ ನೀಲಿ,
ಯಾರ ಗದ್ದಲ ಯಾರ ಕಿವಿಗೆ ಬಾಡಿಗೆ ಇತ್ತೋ
ಯಾರೂ ಲೆಕ್ಕ ಇಟ್ಟಿಲ್ಲ.

ಗಿಟಾರಿನ ಈರೇಶ, ಡ್ರಮ್ಮಿನ ಗೌಸು,
ಚರ್ಚಿನ ಕೀಬೋರ್ಡನ್ನು ಸೋಮವಾರ ಕೊಡ್ತೀನಿ ಅಂತ ತಂದು
ಮೂರು ವರ್ಷ ಕೊಡದ ಡೆಂಜಿಲ್.
ಹಾಡೋನು ತಿಪ್ಪೇರುದ್ರ. ಹಗಲು ಅದಿರಿನ ಲಾರಿಗೆ ತಾಡಪಾಲು ಬಿಗಿಯೋನು.
ಕೆಮ್ಮಿದರೆ ಕರ್ಚೀಫು ಕೆಂಪು.
ಗಾಬರಿ ಬೇಡ, ಸಂಡೂರಿನ ಮಣ್ಣು.

ಮೊದಲೇ ಎರಡು ಕ್ಯಾಸೆಟ್ಟು ಮಾಡಿದ್ದರು.
ಒಂದರ ರೀಲು ಬಿಚ್ಚಿ ಈರೇಶನ ಚಿಕ್ಕಪ್ಪ
ಕುಡುತಿನಿ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ.
"ಹೆದರಲಿಲ್ಲ ಕಣೋ, ಬಂದು ಕೂತು ಕೇಳಿದವು," ಅಂದನಂತೆ,
"ನಿಮಗೆ ಸಿಕ್ಕ ಜನ ಅವೇ."
ಎರಡನೇದು ಈಗ ಅವರ ಮನೆಯಲ್ಲೂ ಇಲ್ಲ.

ನಾನು ಹಿಂದಿನ ಜೇಬಿನೋಳು.
ಡಜನ್ ಹೊಲಿದರೆ ಹನ್ನೊಂದಕ್ಕೆ ಕೂಲಿ,
ಹನ್ನೆರಡನೇದನ್ನು ಓನರ್ ಪಂಪಣ್ಣ
ಡ್ಯಾಮೇಜು ಅಂತ ಮುರಿದುಕೊಳ್ಳುತ್ತಾನೆ,
ಡ್ಯಾಮೇಜ್ ಆಗಿರಲಿ, ಬಿಡಲಿ.
ಅದಕ್ಕೇ ನನ್ನ ಬಾಯಲ್ಲಿ ಹನ್ನೆರಡಿಲ್ಲ.
ಒಂಬತ್ತು, ಹತ್ತು, ಹನ್ನೊಂದು,
ಒಂದು, ಎರಡು.

ಆ ಬೇಸಿಗೆ ಮೇಲೆ ದಿನಾ ಜಗಳ.
ಹಾಡು ನಡೀತಾ ನಡೀತಾ ಎಲ್ಲೋ ಕುಂಟುತ್ತಿತ್ತು,
ಕುಂಟಲಿ, ಆದರೆ ಒಂದೇ ಥರ ಕುಂಟಲಿ ಅಂತ ಡೆಂಜಿಲ್ ಚೀರೋನು.
ಒಂದು ರಾತ್ರಿಪಾಳಿ ಗೌಸು ಕೋಲು ಹಿಡಿದೇ ಇಳಿದು ಬಂದ:
"ಹೊನ್ನೂರಕ್ಕಾ, ಅದನ್ನ ಇನ್ನೊಮ್ಮೆ ಎಣಿಸು."
ಯಾವುದನ್ನ?
"ನೀನು ಎಣಿಸೋದನ್ನ."
ಮೆಟ್ಟಿಲ ಮೇಲೆ ಕೂತು ಬೆಳಗಿನ ತನಕ
ತೊಡೆ ಬಡಿದುಕೊಂಡ ಹುಡುಗ.

ಇಪ್ಪತ್ಮೂರು ನಿಮಿಷದ ಹಾಡು, ಒಂದೇ ಸಲಕ್ಕೆ ಹಿಡಿಯಬೇಕು.
ಹದಿನಾಲ್ಕನೇ ನಿಮಿಷಕ್ಕೆ ಕರೆಂಟು ಹೋಯಿತು.
ರೆಕಾರ್ಡರಿಗೆ ಬ್ಯಾಟರಿ ಇತ್ತು, ಮರೆತಿದ್ದರು.
ಕೀಬೋರ್ಡು ಸತ್ತಿತು, ಗಿಟಾರು ಸತ್ತಿತು,
ಗೌಸಿನ ಕೈ ಗಾಳಿಯಲ್ಲಿ ನಿಂತಿತು.
ಕೆಳಗೆ ಕತ್ತಲಲ್ಲಿ ಪೀಸು ಮುಟ್ಟಿ ಮುಟ್ಟಿ
ನಾನು ಎಣಿಸುತ್ತಿದ್ದೆ. ನನಗೇನು ಗೊತ್ತು.
ಹಲಗೆಯ ಸಂದಿಯಿಂದ ಅಷ್ಟೂ ಮೇಲೆ ಹೋಗಿದೆ.
ಆಮೇಲೆ ಜನರೇಟರು ಗುಂಯ್ ಅಂತು.
ಆ ಗುಂಯ್‌ನ ಸ್ವರ ಹುಡುಕಿ ಡೆಂಜಿಲ್
ಮೆಲ್ಲಗೆ ಅದರ ಬೆನ್ನೇರಿದ.

ಅದು ಎಲ್ಲೆಲ್ಲಿಗೋ ಹೋಯಿತು.
ಪುಣೆಗೆ, ಕೊಚ್ಚಿಗೆ, ಹೆಸರು ಬಾರದ ಚಳಿಯೂರುಗಳಿಗೆ.
ಅಟ್ಟೆಯ ಮೇಲೆ ಜೇಬೊಂದರ ಚಿತ್ರ, ಹೊಲಿಗೆ ಸೊಟ್ಟ.
ನಾನು ಹೊಲಿದದ್ದಲ್ಲ, ಸ್ಪಷ್ಟ ಮಾಡ್ತೀನಿ.
ತಿಳಿದವರೊಬ್ಬರು ಬರೆದರಂತೆ,
ಕಾಣೆಯಾದ ಹನ್ನೆರಡನೇ ಪೆಟ್ಟಿನಲ್ಲಿ
ಶೂನ್ಯದ ದರ್ಶನ ಆಗುತ್ತದೆ ಅಂತ.
ಶೂನ್ಯ ಅಲ್ಲಪ್ಪ,
ಒಂದೂಮುಕ್ಕಾಲು ರೂಪಾಯಿ.

ಪಂಪಣ್ಣ ಈಗ ಅದನ್ನೇ ಸ್ಪೀಕರಿನಲ್ಲಿ ಹಾಕಿಸುತ್ತಾನೆ.
ಕೈ ಚುರುಕಾಗುತ್ತವಂತೆ, ದಿನಕ್ಕೆ ನಲವತ್ತು ಪೀಸು ಜಾಸ್ತಿ.
ಡಜನ್ ಮಾತ್ರ ಹನ್ನೊಂದೇ.
ಹುಡುಗರು ಧಾರವಾಡ ಪೇಡೆ ತಂದಿದ್ದರು,
ಹೆಸರು ಹಾಕ್ಲಾ ಅಕ್ಕಾ ಅಂದರು.
ಹಾಕಿದರೆ ಕೆಲಸ ಹೋಗ್ತದೆ, ತಿನ್ನಿರಿ ಅಂದೆ.

ಒಂದು ಮಾತು ಯಾರೂ ಬರೆದಿಲ್ಲ.
ಆ ಕತ್ತಲಲ್ಲಿ ನನ್ನ ಏಳಕ್ಕೂ ಎಂಟಕ್ಕೂ ನಡುವೆ
ಟಕ್ ಅಂತ ಒಂದು ಸದ್ದು ಐತೆ.
ಯಾವ ವಾದ್ಯ ಅಂತ ಕೇಳಿದರೆ ಗೌಸು ನಗ್ತಾನೆ, ಹೇಳಲ್ಲ.
ಕತ್ತರಿ ಸಿಗಲಿಲ್ಲ ನನಗೆ,
ದಾರ ಹಲ್ಲಿಂದ ಕಡಿದೆ.