ಕೊನೆತನಕ ತಿರುಗಿಸು

ಮಾರ್ಚ್ ತಿಂಗಳ ಹಿಮದ ಮೇಲೆ ಕೆಂಪು ಹನಿಗಳು.
ಗಾಯಗೊಂಡ ಮೊಲ ದಾಟಿರಬೇಕು ಅಂದುಕೊಂಡೆ.
ಜಾಡು ಹಿಡಿದು ಹೋದರೆ,
ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ
ಅರವತ್ಮೂರರ ಇಂಪಾಲಾ.
ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದ ಸೋಲ್ವೆ,
ಹದಿನಾಲ್ಕು ವರ್ಷದ ಹಿಂದೆ ನನ್ನ ಗಂಡ.

"ಯಾರು ಕರೆದರು ನಿನ್ನ?"
"ನಿನ್ನ ತಂಗಿ. ಡಬ್ಬಿಗಟ್ಟಲೆ ಎಣ್ಣೆ ಕುಡೀತಿದೆಯಂತೆ."
"ಕಾರೋ, ನಾನೋ?"
ಯಾವಾಗಲೂ ಹೀಗೇ ಶುರುವಾಗುವುದು ನಮ್ಮ ಮಾತು.

ನವೆಂಬರಿನಲ್ಲಿ ಅವನ ಎಡಗೈಯೇ ಅವನಿಗೆ ಕೈಕೊಟ್ಟಿತು.
ಈಗದನ್ನು ಕೋಟಿನ ಜೇಬಲ್ಲಿ ಇಟ್ಟುಕೊಳ್ಳುತ್ತಾನೆ,
ಯಾರೋ ಬಸ್ಸಿನಲ್ಲಿ ಮರೆತ ಕೈಗವಸಿನ ಹಾಗೆ.
ಗಾಡಿ ಅಂಗಳದೊಳಗೆ ಮಾತ್ರ, ಅಂದಿದ್ದಾಳೆ ಡಾಕ್ಟರು.
ಅಂಗಳವಾದರೇನು,
ಇಷ್ಟು ಕಬ್ಬಿಣವನ್ನು ಒಂಟಿಗೈಯಲ್ಲಿ ಹೊರಳಿಸಲು
ಒತ್ತಡದ ಎಣ್ಣೆ ಬೇಕೇ ಬೇಕು.
ಅದಿಲ್ಲದಿದ್ದರೆ ಈ ಸ್ಟೀರಿಂಗು ಬೀಸುಕಲ್ಲು.

ಮೋರಾದ ಮೆಕ್ಯಾನಿಕ್ಕು ಪಂಪು ಬದಲಿಸಿದ, ಬಿಲ್ಲು ಬರೆದ.
ಹೋಸು ಬದಲಿಸಿದ, ಇನ್ನೊಂದು ಬಿಲ್ಲು.
ಹನಿಹನಿ ಕೂಡಿ ಹಳ್ಳವಾದದ್ದು ಅವನ ಜೇಬು.
ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ:
ಇಷ್ಟು ಕಲಿಯಲು ನನಗೆ ಒಂದಿಡೀ ಮದುವೆ ಹಿಡಿಯಿತು.

ಜಾಕಿ ಏರಿಸಿ, ಸ್ಟ್ಯಾಂಡು ಕೊಟ್ಟು, ಅಡಿಗೆ ನುಸುಳಿದೆ.
ಅರವತ್ತು ವರ್ಷದ ಜಿಡ್ಡು. ಸೀಮೆಎಣ್ಣೆ, ಬ್ರಶ್ಶು,
ಒರೆಸಿ ಒಣಗಿಸಿ, ಮೇಲೆ ಮಕ್ಕಳ ಪೌಡರು ಉದುರಿಸಿದೆ.
(ಅಂಗಡಿಯ ಹುಡುಗಿ ಕೇಳಿದ್ದಳು, ಮೊಮ್ಮಗುವಿಗಾ ಅಂತ.
ಹೌದಮ್ಮ, ಅರವತ್ತು ದಾಟಿದ ಮಗು, ಅಂದಿದ್ದೆ.)

"ಸ್ಟಾರ್ಟ್ ಮಾಡು. ಎಡಕ್ಕೆ, ಕೊನೆತನಕ."
ಪಂಪು ನರಳಿತು.
"ಬಲಕ್ಕೆ."
ಸ್ಟೀರಿಂಗಿನ ಮೇಲೆ ಅವನ ಬಲ ಅಂಗೈ ಜಾರುವ ಸದ್ದು
ತಲೆಯ ಮೇಲೆ, ತಗಡಿನಾಚೆ.
ಬಿಳಿ ಪೌಡರಿನಲ್ಲಿ ಒಂದು ಗುಲಾಬಿ ಗೆರೆ ಮೂಡಿತು.
ಪಂಪಿನಿಂದಲ್ಲ, ಹೋಸಿನಿಂದಲ್ಲ,
ಮುಷ್ಟಿಯಷ್ಟು ದಪ್ಪದ ಕಂಟ್ರೋಲ್ ವಾಲ್ವಿನ ಬಾಯಿಂದ
ಹೊರಟು, ರಾಡಿನ ಬೆನ್ನು ಹಿಡಿದು ಅಷ್ಟುದ್ದ ನಡೆದು,
ಆಮೇಲೆ ಹಿಮಕ್ಕೆ.

ಬಿಚ್ಚಿದೆ. ಒಳಗಿದ್ದದ್ದು ರಬ್ಬರಿನ ಉಂಗುರ,
ಉಗುರಲ್ಲಿ ಒತ್ತಿದರೆ ಪಟ್ಟಂತ ಮುರಿಯಿತು.
"ನೋಡು, ಇಷ್ಟಕ್ಕೇ ಎರಡು ಬಿಲ್ಲು."
ಉಂಗುರದ ಬಗ್ಗೆ ಅವನೇನೋ ಹೇಳಲು ಹೊರಟ.
ಹದಿನಾರರ ಸ್ಪ್ಯಾನರು ಕೊಡು, ಅಂದೆ.

ಕಾರು ಯಾರಿಗೆ ಅಂತ ಕೋರ್ಟಿನಲ್ಲಿ ಜಗಳಾಡಿದ್ದೆವು.
ಮನೆ ಯಾರಿಗೆ ಅಂತ ಅಷ್ಟು ಆಡಿರಲಿಲ್ಲ.

ಹೊಸ ಉಂಗುರಗಳನ್ನು ಅದೇ ಕೆಂಪೆಣ್ಣೆಯಲ್ಲಿ ಅದ್ದಿ ಕೂರಿಸಿ,
ಬಿಗಿದು, ತುಂಬಿ, ಎಂಜಿನ್ನು ಆರಿಸಿಟ್ಟೇ
ಗಾಳಿ ಹೊರಹೋಗಲು ಇಪ್ಪತ್ತು ಸಲ, ಈ ತುದಿಯಿಂದ ಆ ತುದಿಗೆ.
"ಮೆಲ್ಲಗೆ. ಅವಸರ ಮಾಡಿದರೆ ನೊರೆ ಏಳುತ್ತೆ."
ಅವನು ಎಣಿಸಿದ. ನಾನು ಕೆಳಗೆ ಮಲಗಿ
ನೆಲ ಬಿಟ್ಟ ಚಕ್ರಗಳು ಹೊರಳುವುದನ್ನು ನೋಡುತ್ತಿದ್ದೆ.
ಒಂಬತ್ತು. ಹತ್ತು.
ಹನ್ನೊಂದಕ್ಕೆ ಚಕ್ರ ಅರ್ಧದಲ್ಲೇ ನಿಂತಿತು,
ನಡುಗಿತು, ಆಮೇಲೆ ಬಹಳ ನಿಧಾನವಾಗಿ ಸರಿಯಿತು.
"ಏನಾಯ್ತು?"
"ಏನಿಲ್ಲ, ಕೈ ಬದಲಿಸಿದೆ."
ಒಣಗಿದ್ದ ಜಾಗವನ್ನೇ ಇನ್ನೊಮ್ಮೆ ಒರೆಸಿದೆ.

ಕತ್ತಲಾಗುವ ಮುಂಚೆ ಅಡಿಯಲ್ಲಿ
ಒಂದು ಹೊಸ ರಟ್ಟು ಹಾಸಿಟ್ಟು ಬಂದೆ.
ಸರೋವರ ಇನ್ನೂ ಗಟ್ಟಿ, ಮೀನಿನ ತೂತಿನ ಪಕ್ಕ
ಯಾರದೋ ಖಾಲಿ ಸ್ಟೂಲು.

ಬೆಳಿಗ್ಗೆ ಏಳಕ್ಕೆ ಫೋನು.
"ಒಂದು ಹನಿ ಬಿದ್ದಿದೆ."
"ಕೆಂಪೋ, ಬರೀ ನೀರೋ?"
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಗೊತ್ತಾಗ್ತಿಲ್ಲ. ನೀನೇ ಬಂದು ನೋಡು."