ಇಲಿ ಕೆರೆದ ಜಾಗ

ಕನಸಲ್ಲಿ ಇಲಿ ಕಂಡರೆ ಮನೆಯೊಳಗೇ ಕಳ್ಳ,
ಕಚ್ಚಿದರೆ ತೀರದ ಸಾಲ, ಓಡಿದರೆ ಚಾಡಿ.
ಜೋಳದ ಹಿಟ್ಟು ತೊಳಸುತ್ತ ಅಜ್ಜಿ
ಎಲ್ಲಕ್ಕೂ ಒಂದೊಂದು ಅರ್ಥ ಇಟ್ಟಿದ್ದಳು.

ನನಗೆ ಮಾತ್ರ ಇಲಿಯೆಂದರೆ ಸಂಬಳ.
ಶೊಕ್ವೆಯಾಚೆ, ಲಿಂಪೋಪೊ ದಂಡೆಯ ಬಯಲಲ್ಲಿ,
ಬಿಸಿಲೇರುವ ಮುನ್ನ
ಹಗ್ಗಕ್ಕೆ ಕಟ್ಟಿದ ಹೆಗ್ಗಣ ನೆಲ ಮೂಸುತ್ತ ಹೋಗುತ್ತದೆ.
ಕೆರೆದರೆ, ಅಲ್ಲಿ ನೆಲಬಾಂಬು.
ಅದಕ್ಕೊಂದು ತುಂಡು ಬಾಳೆಹಣ್ಣು,
ನೆಲಕ್ಕೊಂದು ಕೆಂಪು ಬಾವುಟ.
ಅದರ ತೂಕಕ್ಕೆ ಸಾವಿಗೆ ಎಚ್ಚರವಾಗುವುದಿಲ್ಲ.

ನಿನ್ನೆ ರಾತ್ರಿ ಅದು ಹಗ್ಗವಿಲ್ಲದೆ ಬಂತು.
ಚಾಪೆ ದಾಟಿತು. ಒಲೆ, ನೀರಿನ ಕೊಡ,
ಅಣ್ಣನ ಒಂಟಿ ಚಪ್ಪಲಿ,
ಎಲ್ಲ ಮೂಸಿ ಬಿಟ್ಟಿತು.
ಮಲಗಿದ್ದ ಅಮ್ಮನ ಎದೆ ಹತ್ತಿ
ಕೆರೆಯತೊಡಗಿತು.

ಅವತ್ತು ಅವನನ್ನು ಸೌದೆಗೆ ಕಳಿಸಿದ್ದು ಯಾರೆಂದು
ನಾವು ಯಾರೂ ಕೇಳಿಲ್ಲ.
ಹತ್ತೊಂಬತ್ತು ವರ್ಷ
ಆ ಜಾಗವನ್ನು ಬಳಸಿಕೊಂಡೇ ಓಡಾಡಿದ್ದೇವೆ,
ಇಷ್ಟೇ ಇಷ್ಟು ಮನೆಯಲ್ಲಿ.

ಅರ್ಥ ಹೇಳಲು ಅಜ್ಜಿ ಈಗಿಲ್ಲ.
ಬೆಳಿಗ್ಗೆ ಕೆಲಸದ ಚೀಲದಿಂದ
ಬಾಳೆಹಣ್ಣೊಂದು ತೆಗೆದು, ಅರ್ಧ ಸುಲಿದು,
ಅಮ್ಮನ ಮುಂದೆ ಹಿಡಿದೆ.

"ಯಾಕೆ, ನ್ಯೆಲೆತಿ?" ಅಂದಳು.
ಆಮೇಲೆ, ತಿನ್ನದೆ,
ಬಹಳ ಹೊತ್ತು
ನನ್ನ ಉಗುರುಗಳನ್ನೇ ನೋಡುತ್ತ ಕೂತಳು.